ಪಾಸ್‌ವರ್ಡ್ ಕೇಳುತ್ತಿರುವುದು ಯಾರು: ಎಸ್‌ಬಿಸಿಟಿಎಲ್ ಜತೆ ಹತ್ತು ತಿಂಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಡಿಟಿಪಿ ಮತ್ತು ಭಾಷಾಂತರದ ಕೆಲಸಕ್ಕಾಗಿ ನಾನು ಒಂದು ಸಣ್ಣ ಕೋಣೆ ಇಟ್ಟುಕೊಂಡಿದ್ದೇನೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಇಲ್ಲಿನ ಹಲವು ಮನೆಗಳ ಹಳೆಯ ಜಾಗದ ಕಾಗದಪತ್ರಗಳು ಕನ್ನಡದಲ್ಲಿವೆ. ಇಂದಿನ ಕಚೇರಿಗಳ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಹೀಗಾಗಿ ಪಾಲುಪಟ್ಟಿ, ಮರಣಶಾಸನ, ಕ್ರಯಪತ್ರ ಎಂದು ಎರಡೂ ದಿಕ್ಕಿನ ಭಾಷಾಂತರಕ್ಕೆ ಜನ ನನ್ನಲ್ಲಿಗೆ ಬರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಎಷ್ಟು ಸೆಂಟ್ಸ್ ಜಾಗ ಹೋಗಲಿದೆ ಎಂಬ ಸಂಗತಿ ಆ ಮನೆಯವರಿಗೆ ಗೊತ್ತಾಗುವ ಮೊದಲೇ ನನ್ನ ಲ್ಯಾಪ್‌ಟಾಪಿನಲ್ಲಿರುತ್ತದೆ. ಈ ಕಾರಣಕ್ಕೇ ನಾನು ಲ್ಯಾಪ್‌ಟಾಪಿನ ಡಿಸ್ಕನ್ನು ಬಹಳ ವರ್ಷಗಳಿಂದ ಎನ್‌ಕ್ರಿಪ್ಟ್ ಮಾಡಿಯೇ ಇಟ್ಟಿದ್ದೇನೆ, ಮತ್ತು ಅಷ್ಟು ಸಾಕು ಎಂದು ನಂಬಿದ್ದೆ. ಸಾಲದೆಂದು ತಿಳಿದ ಮೇಲೆ ಹಾಕಿಕೊಂಡ, ಯಂತ್ರ ಏಳಲು ಬೇಕಾದ ಕಡತಗಳಿಗೆ (ಬೂಟ್ ಕಡತಗಳಿಗೆ) ನಾವೇ ಸಹಿ ಹಾಕಲು ನೆರವಾಗುವ ಎಸ್‌ಬಿಸಿಟಿಎಲ್ (sbctl) ಎಂಬ ಸಲಕರಣೆಯ ವಿಮರ್ಶೆ ಇದು.

ಆ ನಂಬಿಕೆ ಕಳೆದುಹೋದದ್ದು ಒಂದು ಕೀಬೋರ್ಡ್ ರಿಪೇರಿಯಿಂದ. ಎರಡು ಮೂರು ಅಕ್ಷರಗಳು ಒತ್ತಿದರೂ ಬೀಳದಿದ್ದಾಗ ಲ್ಯಾಪ್‌ಟಾಪನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ನಾಲ್ಕು ದಿನ ಬಿಟ್ಟು ಮರಳಿ ತಂದಾಗ ಕೀಬೋರ್ಡ್ ಚೆನ್ನಾಗಿಯೇ ಇತ್ತು. ಆದರೆ ಬೂಟ್ ಕ್ರಮದಲ್ಲಿ, ಅಂದರೆ ಯಂತ್ರ ಏಳುವಾಗ ಯಾವುದನ್ನು ಮೊದಲು ನೋಡಬೇಕೆಂಬ ಪಟ್ಟಿಯಲ್ಲಿ, ಯುಎಸ್‌ಬಿ ಮೊದಲ ಸ್ಥಾನಕ್ಕೆ ಬಂದಿತ್ತು, ಮತ್ತು ಬೂಟ್ ಪಾರ್ಟಿಷನ್ನಿನ ಎರಡು ಕಡತಗಳ ದಿನಾಂಕ ಅದು ಅಂಗಡಿಯಲ್ಲಿದ್ದ ದಿನದ್ದಾಗಿತ್ತು. ಪರೀಕ್ಷೆಗೆಂದು ಯಾವುದೋ ಡಿಸ್ಕಿನಿಂದ ಬೂಟ್ ಮಾಡುವಾಗ ಹಾಗಾಗಿರಬಹುದು. ಯಾರ ಮೇಲೂ ನಾನು ಆರೋಪ ಹೊರಿಸುತ್ತಿಲ್ಲ. ಒಂದು ಕಡತ ಲಿನಕ್ಸಿನ ತಿರುಳಾದ ಕರ್ನಲ್. ಅದನ್ನು ಮೂಲ ಪ್ಯಾಕೇಜಿನೊಂದಿಗೆ ಹೋಲಿಸಿ ನೋಡಿದೆ, ಸರಿಯಿತ್ತು. ಇನ್ನೊಂದು ಕಡತ ಇನಿಟ್‌ರಾಮ್‌ಎಫ್‌ಎಸ್, ಡಿಸ್ಕ್ ತೆರೆಯುವ ಮೊದಲು ನಡೆಯುವ ಸಣ್ಣ ಆರಂಭಿಕ ವ್ಯವಸ್ಥೆ. ಅದು ನನ್ನ ಯಂತ್ರದಲ್ಲೇ, ನನ್ನ ಯಂತ್ರಕ್ಕೆಂದೇ ತಯಾರಾಗುವ ಕಡತವಾದುದರಿಂದ ಹೋಲಿಸಿ ನೋಡಲು ಜಗತ್ತಿನಲ್ಲಿ ಬೇರೆ ಪ್ರತಿಯೇ ಇರಲಿಲ್ಲ. ಡಿಸ್ಕಿನ ಪಾಸ್‌ವರ್ಡ್ ಕೇಳುವುದು ಅದೇ ಕಡತ. ಅಂದು ರಾತ್ರಿ ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಆ ಸಾಲನ್ನು ನೋಡುತ್ತಾ, ಇದನ್ನು ಕೇಳುತ್ತಿರುವುದು ನನ್ನ ಯಂತ್ರವೋ ಮತ್ತೊಬ್ಬರು ಇಟ್ಟುಹೋದ ಕಡತವೋ ಎಂದು ತಿಳಿಯದೆ ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ ಡಿಸ್ಕನ್ನು ಕಳಚಿ, ಬೇರೆ ಕಂಪ್ಯೂಟರಿನಲ್ಲಿ ದಾಖಲೆಗಳನ್ನು ತೆಗೆದು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ.

ಸಾಮಾನ್ಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಸೆಕ್ಯೂರ್ ಬೂಟ್ (ನಂಬಿದ ಸಹಿಯಿರುವ ಬೂಟ್ ಕಡತಗಳನ್ನಷ್ಟೇ ಎಬ್ಬಿಸುವ ಏರ್ಪಾಡು) ಚಾಲೂ ಇದ್ದರೂ ಈ ತೊಂದರೆ ತಪ್ಪುವುದಿಲ್ಲ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಮೈಕ್ರೋಸಾಫ್ಟಿನ ಸಹಿಯಿರುವ ಶಿಮ್ ಎಂಬ ಸಣ್ಣ ಪ್ರೋಗ್ರಾಮನ್ನು ಫರ್ಮ್‌ವೇರ್ (ಯಂತ್ರದ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಪರಿಶೀಲಿಸುತ್ತದೆ, ಶಿಮ್ ಕರ್ನಲ್ಲನ್ನು ಎಬ್ಬಿಸುವ ಗ್ರಬ್ಬನ್ನು ಪರಿಶೀಲಿಸುತ್ತದೆ, ಗ್ರಬ್ ಕರ್ನಲ್ಲಿನ ಸಹಿಯನ್ನು ನೋಡುತ್ತದೆ, ಅಲ್ಲಿಗೆ ಸರಪಳಿ ಮುಗಿಯುತ್ತದೆ. ಇನಿಟ್‌ರಾಮ್‌ಎಫ್‌ಎಸ್‌ಗೆ ಸಹಿಯೇ ಇಲ್ಲ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಇದು ಮೊದಲ ಪುಟಕ್ಕೆ ಮಾತ್ರ ರುಜು ಹಾಕಿ, ಜಾಗದ ಚಕ್ಕುಬಂದಿ ಬರೆದ ತಪಶೀಲು ಪುಟವನ್ನು ರುಜುವಿಲ್ಲದೆ ಹೊಲಿಗೆಯ ಹೊರಗೆ ಬಿಟ್ಟ ಕ್ರಯಪತ್ರದಂತೆ. ಪುಟಪುಟಕ್ಕೂ ಕೆಳಗೆ ಯಾಕೆ ರುಜು ಹಾಕಿಸುತ್ತಾರೆಂದು ನಮ್ಮ ಕಡೆ ದಸ್ತಾವೇಜು ಬರೆಯುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಈ ಹುಡುಕಾಟದಲ್ಲಿ ನನಗೆ ಸಿಕ್ಕ ಸಲಕರಣೆ ಎಸ್‌ಬಿಸಿಟಿಎಲ್. ಗೋ ಭಾಷೆಯಲ್ಲಿ ಬರೆದ, ಎಂಐಟಿ ಪರವಾನಗಿಯಡಿ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವಿದು, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ನಡೆಯುತ್ತದೆ. ಸೆಕ್ಯೂರ್ ಬೂಟಿನ ಕೀಲಿಗಳನ್ನು ನಾವೇ ತಯಾರಿಸಿ, ಫರ್ಮ್‌ವೇರಿನಲ್ಲಿ ನೋಂದಾಯಿಸಿ, ನಮ್ಮ ಬೂಟ್ ಕಡತಗಳಿಗೆ ನಾವೇ ಸಹಿ ಹಾಕುವುದಕ್ಕೆ ಬೇಕಾದುದೆಲ್ಲ ಅದರಲ್ಲಿದೆ. ಇದೇ ಕೆಲಸವನ್ನು ಓಪನ್‌ಎಸ್‌ಎಸ್‌ಎಲ್ ಮತ್ತು ಬೇರೆ ನಾಲ್ಕಾರು ಸಲಕರಣೆಗಳಿಂದ ಕೈಯಾರೆ ಮಾಡಲು ನಾನು ಮೊದಲು ಒಂದಿಡೀ ಭಾನುವಾರ ಪ್ರಯತ್ನಿಸಿ ಸೋತಿದ್ದೆ. ಎಸ್‌ಬಿಸಿಟಿಎಲ್‌ನಲ್ಲಿ ಅದು ಮೂರು ಆದೇಶಗಳ ಕೆಲಸ: ಕೀಲಿ ತಯಾರಿಸು, ನೋಂದಾಯಿಸು, ಸಹಿ ಹಾಕು. ನಾನು ಇದನ್ನು ಹಾಕಿದ್ದು ಆರ್ಚ್ ಲಿನಕ್ಸ್ ಇರುವ ಹಳೆಯ ಕಚೇರಿ ಮಾದರಿಯ ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಇದು ಅಧಿಕೃತ ಪ್ಯಾಕೇಜುಗಳಲ್ಲೇ ಸಿಗುತ್ತದೆ.

ಮೂರು ಆದೇಶಗಳೆಂದರೂ ಮೊದಲ ದಿನ ಸುಲಭವಾಗಿರಲಿಲ್ಲ. ಮೊದಲು ಫರ್ಮ್‌ವೇರಿಗೆ ಹೋಗಿ ಕಾರ್ಖಾನೆಯ ಕೀಲಿಗಳನ್ನು ಅಳಿಸಿ ಅದನ್ನು ಸೆಟಪ್ ಮೋಡಿಗೆ, ಅಂದರೆ ಹೊಸ ಕೀಲಿಗಳನ್ನು ಒಪ್ಪುವ ಸ್ಥಿತಿಗೆ, ತರಬೇಕು. ಈ ಆಯ್ಕೆಯ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ, ಮತ್ತು ಮೇಲ್ವಿಚಾರಕ ಪಾಸ್‌ವರ್ಡ್ ಹಾಕುವವರೆಗೆ ಕೆಲವು ಯಂತ್ರಗಳಲ್ಲಿ ಅದು ಮಸುಕಾಗಿಯೇ ಇರುತ್ತದೆ. ನೋಂದಾಯಿಸಲು ಹೊರಟಾಗ ಫರ್ಮ್‌ವೇರಿನ ಚರಗಳನ್ನು (ಕೀಲಿಗಳು ಕೂರುವ ಜಾಗ) ಕರ್ನಲ್ ತಿದ್ದದಂತೆ ಕಟ್ಟಿಹಾಕಿದೆ ಎಂಬ ದೂರು ಬಂತು. ಯಾವ ಕಡತದ ಕಟ್ಟನ್ನು ಬಿಚ್ಚಬೇಕೆಂದು ಸಲಕರಣೆಯೇ ಹೆಸರು ಹಿಡಿದು ಹೇಳಿದ್ದರಿಂದ ಬಚಾವಾದೆ. ಎಲ್ಲ ಮುಗಿದು ಮರುಬೂಟಿನ ನಂತರ ಸ್ಥಿತಿ ಕೇಳಿದಾಗ ಸೆಟಪ್ ಮೋಡ್ ನಿಂತಿದೆ, ಸೆಕ್ಯೂರ್ ಬೂಟ್ ಚಾಲೂ ಇದೆ ಎಂದು ಹಸಿರು ಸರಿ ಗುರುತುಗಳು ಕಾಣಿಸಿದವು. ಬದಿಯಡ್ಕದಲ್ಲಿ ಕುಳಿತು ನನ್ನ ಯಂತ್ರದ ಅತ್ಯುನ್ನತ ಕೀಲಿ ನನ್ನದೇ ಎಂದು ಕಂಡಾಗ ಆದ ಸಂತೋಷ ಸಣ್ಣದಲ್ಲ.

ಇಲ್ಲಿ ಒಂದು ನಿರ್ಧಾರ ಮಾಡಬೇಕಾಗುತ್ತದೆ, ಅದನ್ನು ಅವಸರದಲ್ಲಿ ಮಾಡಬಾರದು. ನಮ್ಮ ಕೀಲಿಗಳ ಜತೆ ಮೈಕ್ರೋಸಾಫ್ಟಿನ ಪ್ರಮಾಣಪತ್ರಗಳನ್ನೂ ಇಟ್ಟುಕೊಳ್ಳಬೇಕೇ ಬೇಡವೇ? ಕೆಲವು ಗ್ರಾಫಿಕ್ಸ್ ಕಾರ್ಡು ಮತ್ತು ಇತರ ಬಿಡಿಭಾಗಗಳ ಒಳಗಿರುವ, ಯಂತ್ರ ಏಳುವಾಗ ನಡೆಯುವ ಆಪ್ಷನ್ ರೋಮ್ ಎಂಬ ಸಣ್ಣ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನ ಸಹಿಯೇ ಇರುವುದರಿಂದ, ಆ ಪ್ರಮಾಣಪತ್ರ ತೆಗೆದರೆ ಪರದೆಯೇ ಬಾರದಿರಬಹುದು. ಅಂಥ ಬಿಡಿಭಾಗ ಕಂಡರೆ ಆ ಪ್ರಮಾಣಪತ್ರಗಳಿಲ್ಲದೆ ನೋಂದಾಯಿಸಲು ಎಸ್‌ಬಿಸಿಟಿಎಲ್ ಸುಲಭವಾಗಿ ಒಪ್ಪುವುದಿಲ್ಲ. 'ಹೌದು, ಇದರಿಂದ ನನ್ನ ಯಂತ್ರ ಇಟ್ಟಿಗೆಯಾಗಬಹುದು (ಏಳದೇ ಹೋಗಬಹುದು)' ಎಂಬ ಅರ್ಥದ ಉದ್ದನೆಯ ಆಯ್ಕೆಯನ್ನು ನಾವೇ ಪೂರ್ತಿ ಟೈಪ್ ಮಾಡಬೇಕು. ಬಳಸುವವನ ಮೇಲೆ ಕಾಳಜಿಯಿರುವ ಕೈ ಬರೆದದ್ದು ಇದು ಎಂದು ನನಗೆ ಅನ್ನಿಸಿದ್ದು ಅಲ್ಲಿ. ನಾನು ಪ್ರಮಾಣಪತ್ರಗಳನ್ನು ಉಳಿಸಿಕೊಂಡೆ. ಅವುಗಳಲ್ಲಿ 2011ರವು 2026ರ ಜೂನ್‌ನಿಂದ ಒಂದೊಂದಾಗಿ ಅವಧಿ ಮುಗಿಯುವಂಥವು, 2023ರ ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ. ನೋಂದಾಯಿಸುವವರು ತಮ್ಮ ಯಂತ್ರದಲ್ಲಿ ಯಾವುದಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾರ್ಖಾನೆಯ ಕೀಲಿಯನ್ನೇ ನಂಬಬಾರದೇ ಎಂದು ಕೇಳುವವರಿಗೆ 2024ರ ಜುಲೈಯಲ್ಲಿ ಬಯಲಾದ ಪಿಕೆಫೇಲ್ ಪ್ರಕರಣವನ್ನು ನೆನಪಿಸುತ್ತೇನೆ. ಫರ್ಮ್‌ವೇರ್ ತಯಾರಕರು ಪರೀಕ್ಷೆಗೆಂದು ಕೊಟ್ಟಿದ್ದ, ತನ್ನ ಹೆಸರಿನಲ್ಲೇ 'ನಂಬಬೇಡಿ' ಎಂದು ಬರೆದುಕೊಂಡಿದ್ದ ಪ್ಲಾಟ್‌ಫಾರ್ಮ್ ಕೀಲಿಯನ್ನು (ಅತ್ಯುನ್ನತ ಕೀಲಿ) ನೂರಾರು ಮಾದರಿಯ ಕಂಪ್ಯೂಟರುಗಳಲ್ಲಿ ಬದಲಾಯಿಸದೆ ಮಾರಲಾಗಿತ್ತು, ಮತ್ತು ಅದಕ್ಕೆ ಸೇರಿದ ಖಾಸಗಿ ಕೀಲಿ ಸೋರಿಹೋಗಿತ್ತು. ಅದಕ್ಕೆ ಒಂದು ವರ್ಷ ಮೊದಲು, 2023ರಲ್ಲಿ, ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ (ಯಂತ್ರ ಏಳುವ ಹೊತ್ತಿನಲ್ಲೇ ಸೇರಿಕೊಳ್ಳುವ ದುಷ್ಟ ತಂತ್ರಾಂಶ) ಮೈಕ್ರೋಸಾಫ್ಟಿನದೇ ಸಹಿಯಿದ್ದ, ದೋಷವಿದ್ದ ಹಳೆಯ ಬೂಟ್ ಕಡತವನ್ನು ಬಳಸಿಕೊಂಡು, ನವೀಕರಿಸಿದ ವಿಂಡೋಸ್ 11ರಲ್ಲೂ ಸೆಕ್ಯೂರ್ ಬೂಟನ್ನು ದಾಟಿತ್ತು. ದೋಷಕ್ಕೆ 2022ರಲ್ಲೇ ಪರಿಹಾರ ಬಂದಿದ್ದರೂ ಹಳೆಯ ಕಡತದ ಸಹಿಯನ್ನು ರದ್ದುಪಡಿಸಿರಲಿಲ್ಲ. ರದ್ದಾಗದ ಹಳೆಯ ಅಧಿಕಾರಪತ್ರ ಹಿಡಿದು ಜಾಗ ಮಾರಿದ ಕಥೆಗಳನ್ನು ಕೇಳಿದವರಿಗೆ ಇದರ ಒಳಗುಟ್ಟು ಕೂಡಲೇ ತಿಳಿಯುತ್ತದೆ.

ಕೀಲಿಯಷ್ಟೇ ಮುಖ್ಯವಾದುದು ಆ ಕೀಲಿಯಿಂದ ಯಾವುದಕ್ಕೆ ಸಹಿ ಹಾಕುತ್ತೇವೆ ಎಂಬುದು. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಕರ್ನಲ್ಲಿಗೆ ಕೊಡುವ ಸೂಚನೆಗಳ ಸಾಲು, ಈ ಮೂರನ್ನೂ ಒಂದೇ ಕಡತವಾಗಿ ಹೊಲಿಯುವ ಯುನಿಫೈಡ್ ಕರ್ನಲ್ ಇಮೇಜ್ ಎಂಬ ಕ್ರಮವಿದೆ. ಸಹಿ ಆ ಇಡೀ ಕಡತಕ್ಕೆ ಬೀಳುತ್ತದೆ, ತಪಶೀಲು ಪುಟ ಹೊರಗುಳಿಯುವುದಿಲ್ಲ. ನಾನು ಗ್ರಬ್ಬನ್ನು ಪೂರ್ತಿ ತೆಗೆದು, ಫರ್ಮ್‌ವೇರ್ ನೇರವಾಗಿ ಈ ಇಮೇಜನ್ನೇ ಎಬ್ಬಿಸುವಂತೆ ಮಾಡಿದ್ದೇನೆ. ಗ್ರಬ್ಬಿನ ಸಂರಚನಾ ಕಡತಕ್ಕೆ ಸಹಿಯಿಲ್ಲದಿರುವುದನ್ನೇ ಬಳಸಿಕೊಳ್ಳುವ ಬೂಟ್‌ಹೋಲ್ ದೋಷ 2020ರಲ್ಲಿ ಹೊರಬಿದ್ದಿತ್ತು; ಸರಪಳಿಯಲ್ಲಿ ಕೊಂಡಿ ಕಡಿಮೆಯಾದಷ್ಟೂ ನೋಡಿಕೊಳ್ಳಬೇಕಾದದ್ದು ಕಡಿಮೆ.

ಇದು ನಿಜವಾಗಿಯೂ ಕಾಯುತ್ತದೆಯೇ ಎಂದು ನೋಡಲು ನಾನೇ ಕಳ್ಳನಾದೆ. ಯುಎಸ್‌ಬಿಯಿಂದ ಬೇರೆ ಲಿನಕ್ಸನ್ನು ಎಬ್ಬಿಸಿ, ಸುಮಾರು 60 ಎಂಬಿ ಗಾತ್ರದ ಆ ಇಮೇಜನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು, ಇನಿಟ್‌ರಾಮ್‌ಎಫ್‌ಎಸ್ ಇರುವ ಭಾಗದ ನಡುವೆ ಎಲ್ಲೋ ಒಂದೇ ಒಂದು ಬೈಟನ್ನು ತಿದ್ದಿ ಉಳಿಸಿದೆ. ಮರುಬೂಟ್ ಮಾಡಿದಾಗ ಕಂಪನಿಯ ಲಾಂಛನ ಬಂತು, ಅದು ಮಾಯವಾಗುವ ಮೊದಲೇ ಕೆಂಪು ಚೌಕಟ್ಟಿನೊಳಗೆ ಸೆಕ್ಯೂರ್ ಬೂಟ್ ಉಲ್ಲಂಘನೆ, ಸಹಿ ಅಮಾನ್ಯ ಎಂಬ ಇಂಗ್ಲಿಷ್ ಸೂಚನೆ ನಿಂತಿತು. ಎಂಟರ್ ಒತ್ತಿದರೆ ಮತ್ತೆ ಅದೇ. ಆರು ಕೋಟಿ ಬೈಟುಗಳಲ್ಲಿ ಒಂದು ಬೈಟ್! ರಿಪೇರಿಯ ರಾತ್ರಿ ನನ್ನಲ್ಲಿ ಉತ್ತರವಿಲ್ಲದಿದ್ದ ಪ್ರಶ್ನೆಗೆ ಈಗ ಯಂತ್ರವೇ ಉತ್ತರ ಕೊಡುತ್ತಿತ್ತು.

ದಿನನಿತ್ಯದ ಬಳಕೆಯಲ್ಲಿ ಎಸ್‌ಬಿಸಿಟಿಎಲ್ ಇದೆ ಎಂಬುದೇ ಮರೆತುಹೋಗುತ್ತದೆ. ಒಮ್ಮೆ ದಾಖಲಿಸಿಕೊಂಡ ಕಡತಗಳಿಗೆ ಪ್ರತಿ ನವೀಕರಣದ ನಂತರ ಅದು ತಾನಾಗಿಯೇ ಮತ್ತೆ ಸಹಿ ಹಾಕುತ್ತದೆ. ಹತ್ತು ತಿಂಗಳಲ್ಲಿ ಒಂದೇ ಒಂದು ಸಲ ಕೈಕೊಟ್ಟಿತು, ಅದರ ತಪ್ಪೂ ಸಲಕರಣೆಯದ್ದಲ್ಲ. ತುಲಾ ತಿಂಗಳ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಶುರುವಾದರೆ ಕರೆಂಟ್ ಹೋಗುವುದು ಖಂಡಿತ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರ್ನಲ್ ನವೀಕರಣದ ನಡುವೆ ಕರೆಂಟ್ ಹೋಗಿ ಇಮೇಜ್ ಅರ್ಧ ಮಾತ್ರ ಬರೆಯಲ್ಪಟ್ಟಿತು. ಸಹಿ ಪೂರ್ಣವಾಗದ ಕಡತವನ್ನು ಫರ್ಮ್‌ವೇರ್ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಕರ್ನಲ್ಲಿನ ಇನ್ನೊಂದು ಇಮೇಜನ್ನು ಮೊದಲೇ ಸಹಿ ಹಾಕಿ ಇಟ್ಟಿದ್ದರಿಂದ ಬೂಟ್ ಮೆನುವಿನಲ್ಲಿ ಅದನ್ನು ಆರಿಸಿ ಐದು ನಿಮಿಷದಲ್ಲಿ ಸರಿಪಡಿಸಿದೆ. ಎರಡನೆಯ ಇಮೇಜ್ ಇಲ್ಲದೆ ಈ ದಾರಿಗೆ ಯಾರೂ ಇಳಿಯಬಾರದು. ವಿಂಡೋಸ್ ತಾನಾಗಿ ಮಾಡಿಕೊಳ್ಳುವ 100 ಎಂಬಿಯ ಇಎಫ್‌ಐ (ಬೂಟ್ ಕಡತಗಳ) ಪಾರ್ಟಿಷನ್ ಎರಡು ಇಮೇಜುಗಳಿಗೆ ಸಾಲದು. ಹೊಸದಾಗಿ ಹಾಕುವಾಗಲೇ 1 ಜಿಬಿ ಬಿಡಿ. ನಾನು ಬ್ಯಾಟರಿಯನ್ನೂ ಬದಲಾಯಿಸಿದೆ.

ಬೂಟಿನ ಕಾವಲನ್ನು ಡಿಸ್ಕಿನ ಬೀಗಕ್ಕೆ ಕಟ್ಟಿಹಾಕುವುದು ಟಿಪಿಎಂ ಎಂಬ ಚಿಪ್ಪಿನ ಕೆಲಸ. ಯಂತ್ರ ಏಳುವಾಗ ಫರ್ಮ್‌ವೇರ್ ಮತ್ತು ಬೂಟ್ ಕಡತಗಳು ಅಳೆದು ಕೊಟ್ಟದ್ದನ್ನು ಅದು ಪಿಸಿಆರ್ ಎಂಬ ದಾಖಲೆಗಳಲ್ಲಿ ಕೂಡಿಸುತ್ತಾ ಹೋಗುತ್ತದೆ. ಅವುಗಳಲ್ಲಿ 7ನೆಯದು ಸೆಕ್ಯೂರ್ ಬೂಟ್ ಚಾಲೂ ಇತ್ತೇ, ಯಾವ ಕೀಲಿಗಳು ನೋಂದಣಿಯಲ್ಲಿದ್ದವು, ಯಾವ ಪ್ರಮಾಣಪತ್ರದ ಬಲದಿಂದ ಬೂಟ್ ಕಡತ ಒಳಬಂತು ಎಂಬುದರ ಲೆಕ್ಕ. ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಕ್ರಿಪ್ಟ್‌ಎನ್‌ರೋಲ್ ಸಲಕರಣೆಯಿಂದ ಡಿಸ್ಕಿನ ಕೀಲಿಯನ್ನು ಈ ಲೆಕ್ಕಕ್ಕೂ ಒಂದು ಪಿನ್‌ಗೂ ಸೇರಿಸಿ ಮುದ್ರೆಯೊತ್ತಿದ್ದೇನೆ. ಯಾರಾದರೂ ಸೆಕ್ಯೂರ್ ಬೂಟನ್ನು ನಿಲ್ಲಿಸಿದರೆ, ಅಥವಾ ನನ್ನ ಕೀಲಿಯ ಬದಲು ಮೈಕ್ರೋಸಾಫ್ಟಿನ ಸಹಿಯಿರುವ ಬೇರೆ ಏನನ್ನಾದರೂ ಎಬ್ಬಿಸಿದರೆ, ಲೆಕ್ಕ ತಪ್ಪುತ್ತದೆ, ಸರಿಯಾದ ಪಿನ್ ಕೊಟ್ಟರೂ ಚಿಪ್ ಕೀಲಿಯನ್ನು ಬಿಟ್ಟುಕೊಡುವುದಿಲ್ಲ. ಪಿನ್ ಇಲ್ಲದೆ ಟಿಪಿಎಂ ಒಂದನ್ನೇ ನಂಬುವುದು ನನಗೆ ಸಮ್ಮತವಲ್ಲ. ಚಿಪ್ ಬೇರೆಯಾಗಿರುವ ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ, ಅದಕ್ಕೂ ಪ್ರೊಸೆಸರಿಗೂ ನಡುವಿನ ತಂತಿಯಲ್ಲಿ ಹರಿಯುವ ಕೀಲಿಯನ್ನು ಅಗ್ಗದ ಒಂದು ಬೋರ್ಡಿನಿಂದ ಕದ್ದು ಓದಬಹುದೆಂದು 2024ರಲ್ಲಿ ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರಿನ ಮೇಲೆ ಮಾಡಿ ತೋರಿಸಲಾಗಿದೆ. ಹಳೆಯ ಉದ್ದನೆಯ ಪಾಸ್‌ವರ್ಡನ್ನೂ ನಾನು ಅಳಿಸಿಲ್ಲ. ಫರ್ಮ್‌ವೇರಿನಲ್ಲಿ ಏನಾದರೂ ಬದಲಾಗಿ ಚಿಪ್ ಮುನಿಸಿಕೊಂಡಾಗ ಒಳಹೋಗಲು ಅದೊಂದೇ ದಾರಿ; ಕಾಗದದಲ್ಲಿ ಬರೆದು, ಮನೆಯ ಜಾಗದ ಕಾಗದಪತ್ರಗಳ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಷ್ಟು ಬೇಗನೆ ಕನ್ನಡ ಕೀಲಿಮಣೆ ಎಚ್ಚರವಾಗಿರುವುದಿಲ್ಲವಾದುದರಿಂದ ಆ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಸಿಸ್ಟಂ ಪಾರ್ಟಿಷನ್ ತಿದ್ದುಪಡಿಯಿಂದಲೂ ಸುರಕ್ಷಿತ ಎಂದು ತಿಳಿಯುವುದು ತಪ್ಪು. ಸಾಮಾನ್ಯ ಎನ್‌ಕ್ರಿಪ್ಷನ್ ಓದದಂತೆ ತಡೆಯುತ್ತದೆ. ಬರೆದದ್ದು ಬದಲಾಗಿದೆ ಎಂದು ಅದು ಹೇಳುವುದಿಲ್ಲ. ಈ ಕೊರತೆಗೆ ನನಗೆ ಸರಿಯಾದ ಉತ್ತರ ಸಿಕ್ಕಿದ್ದು ಲ್ಯಾಪ್‌ಟಾಪಿನಲ್ಲಲ್ಲ, ಅರ್ಜಿ ತುಂಬಲು ಗಿರಾಕಿಗಳು ಕೂರುವ ಇನ್ನೊಂದು ಕಂಪ್ಯೂಟರಿನಲ್ಲಿ. ಅಲ್ಲಿ ಸಿಸ್ಟಂ ಪಾರ್ಟಿಷನ್ನನ್ನು ಓದಲು ಮಾತ್ರ ಇಟ್ಟು ಡಿಎಂ-ವೆರಿಟಿ ಎಂಬ ತಪಾಸಣೆ ಹಾಕಿದ್ದೇನೆ. ಪಾರ್ಟಿಷನ್ನನ್ನು 4096 ಬೈಟುಗಳ ತುಂಡುಗಳಾಗಿ ನೋಡಿ, ಪ್ರತಿ ತುಂಡಿಗೂ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಹ್ಯಾಶ್‌ಗಳಿಗೂ ಹ್ಯಾಶ್ ತೆಗೆಯುತ್ತಾ ಕೊನೆಗೆ ಒಂದೇ ಬೇರು ಹ್ಯಾಶ್ ಉಳಿಯುವ ಮರ ಅದು. ಆ ಬೇರು ಹ್ಯಾಶ್ ಕರ್ನಲ್ ಸೂಚನೆಗಳ ಸಾಲಿನಲ್ಲಿರುತ್ತದೆ, ಆ ಸಾಲು ಸಹಿಯಾದ ಇಮೇಜಿನ ಒಳಗಿರುತ್ತದೆ. ನನ್ನ 8 ಜಿಬಿಯ ಪಾರ್ಟಿಷನ್ನಿಗೆ ಈ ಮರ ಹಿಡಿದ ಜಾಗ ಸುಮಾರು 65 ಎಂಬಿ ಮಾತ್ರ. ಇಲ್ಲಿಯೂ ಒಂದು ಬೈಟನ್ನು ಹೊರಗಿನಿಂದ ತಿದ್ದಿ ನೋಡಿದೆ. ಆ ತುಂಡಿನಲ್ಲಿದ್ದ ಪ್ರೋಗ್ರಾಮನ್ನು ತೆರೆಯಹೋದ ಕ್ಷಣದಲ್ಲಿ ಓದುವ ದೋಷ ಬಂದು ಅದು ತೆರೆಯಲೇ ಇಲ್ಲ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳು 2013ರ 4.4 ಆವೃತ್ತಿಯಿಂದ ಬಳಸುತ್ತಾ ಬಂದ ಉಪಾಯವೇ ಇದು. ಗಿರಾಕಿಗಳು ಮಾಡಿದ ಬದಲಾವಣೆಗಳು ಮೆಮರಿಯಲ್ಲಿ ಮಾತ್ರ ಉಳಿದು, ಸಂಜೆ ಯಂತ್ರ ಆರಿಸಿದಾಗ ಹೋಗಿಬಿಡುತ್ತವೆ. ತೊಡಕಿರುವುದು ನವೀಕರಣದಲ್ಲಿ: ಒಂದು ಫಾಂಟ್ ಸೇರಿಸಬೇಕಿದ್ದರೂ ಪಾರ್ಟಿಷನ್ನನ್ನು ಹೊಸದಾಗಿ ಕಟ್ಟಿ, ಹೊಸ ಬೇರು ಹ್ಯಾಶಿನೊಂದಿಗೆ ಹೊಸ ಇಮೇಜಿಗೆ ಸಹಿ ಹಾಕಬೇಕು. ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಅದಕ್ಕೆ ಹೋಗುತ್ತದೆ. ನನ್ನ ಕೆಲಸದ ಲ್ಯಾಪ್‌ಟಾಪಿಗೆ ಈ ಕ್ರಮ ಹೊಂದುವುದಿಲ್ಲ, ಅಲ್ಲಿ ಈ ಕೊರತೆ ಇನ್ನೂ ಉಳಿದಿದೆ.

ಎಸ್‌ಬಿಸಿಟಿಎಲ್ ಮಾಡಲಾಗದ ಸಂಗತಿಗಳನ್ನೂ ಹೇಳಬೇಕು. ಸಹಿ ಹಾಕುವ ಖಾಸಗಿ ಕೀಲಿ ಅದೇ ಡಿಸ್ಕಿನಲ್ಲಿರುವುದರಿಂದ, ಯಂತ್ರ ನಡೆಯುತ್ತಿರುವಾಗ ರೂಟ್ (ಪೂರ್ಣ) ಅಧಿಕಾರ ಪಡೆದವನು ತನ್ನ ಕಡತಕ್ಕೂ ನನ್ನ ಸಹಿ ಹಾಕಿಕೊಳ್ಳಬಲ್ಲ. ಫರ್ಮ್‌ವೇರಿನ ಒಳಗಿನ ದೋಷಕ್ಕೂ ಇದು ಮದ್ದಲ್ಲ. 2023ರ ಡಿಸೆಂಬರಿನಲ್ಲಿ ಹೊರಬಂದ ಲೋಗೋಫೇಲ್ ದೋಷಗಳು ಬೂಟಿನ ಲಾಂಛನದ ಚಿತ್ರವನ್ನು ಓದುವ ಭಾಗದಲ್ಲೇ ಇದ್ದವು, ಅಂಥವಕ್ಕೆ ತಯಾರಕರ ಫರ್ಮ್‌ವೇರ್ ನವೀಕರಣವೇ ಬೇಕು. ಫರ್ಮ್‌ವೇರಿಗೆ ಮೇಲ್ವಿಚಾರಕ ಪಾಸ್‌ವರ್ಡ್ ಹಾಕದಿದ್ದರೆ ಮಾಡಿದ್ದೆಲ್ಲ ವ್ಯರ್ಥ, ಏಕೆಂದರೆ ಯಾರು ಬೇಕಾದರೂ ಸೆಕ್ಯೂರ್ ಬೂಟನ್ನು ನಿಲ್ಲಿಸಿ, ಪಾಸ್‌ವರ್ಡ್ ಕೇಳುವ ನಕಲಿ ಪರದೆಯನ್ನು ಇಡಬಹುದು. ಅಗ್ಗದ ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ನಾಣ್ಯದಂಥ ಬ್ಯಾಟರಿ ತೆಗೆದರೆ ಆ ಪಾಸ್‌ವರ್ಡೂ ಅಳಿಯುತ್ತದೆ. ಗಿರಾಕಿಗಳ ಕಂಪ್ಯೂಟರಿನ ಪೆಟ್ಟಿಗೆಗೆ ನಾನು ಸಣ್ಣ ಬೀಗ ಜಡಿದಿರುವುದು ಆ ಕಾರಣಕ್ಕೆ. ಲ್ಯಾಪ್‌ಟಾಪಿನ ಅಡಿಯ ಎರಡು ಸ್ಕ್ರೂಗಳ ಮೇಲೆ ಮಗಳ ಮಿನುಗುವ ಉಗುರುಬಣ್ಣ ಹಚ್ಚಿ ಫೋಟೊ ತೆಗೆದಿಟ್ಟಿದ್ದೇನೆ. ಮಿನುಗಿನ ಚುಕ್ಕಿಗಳು ಬಿದ್ದ ಬಗೆಯನ್ನು ಮತ್ತೆ ಹಾಗೆಯೇ ಮಾಡಲು ಯಾರಿಂದಲೂ ಆಗದು.

ನನ್ನ ದೊಡ್ಡ ಆಕ್ಷೇಪ ಕೈಪಿಡಿಯ ಬಗ್ಗೆ. ಆದೇಶಗಳು ಏನು ಮಾಡುತ್ತವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ, ಯಾವುದರ ನಂತರ ಯಾವುದನ್ನು ಯಾಕೆ ಮಾಡಬೇಕೆಂದು ಹೇಳುವುದಿಲ್ಲ. ಪಿಕೆ (ಅತ್ಯುನ್ನತ ಪ್ಲಾಟ್‌ಫಾರ್ಮ್ ಕೀಲಿ), ಕೆಇಕೆ (ನಂಬುವ ಸಹಿಗಳ ಪಟ್ಟಿಯನ್ನು ತಿದ್ದಲು ಅಧಿಕಾರ ಕೊಡುವುದು), ಡಿಬಿ (ಬೂಟ್ ಕಡತಗಳಿಗೆ ಸಹಿ ಹಾಕುವುದು) ಎಂಬ ಮೂರು ಕೀಲಿಗಳ ಸಂಬಂಧ ತಿಳಿಯದವರು ಮಧ್ಯದಲ್ಲೇ ಕಂಗಾಲಾಗುತ್ತಾರೆ. ಕನ್ನಡದಲ್ಲಂತೂ ಒಂದು ಸಾಲೂ ಇಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಲಿನಕ್ಸ್ ಕಲಿತು ಹೊರಬರುವವರು. ಅವರಿಗೆಂದು ಇದರ ಒಂದು ಕನ್ನಡ ಕೈಪಿಡಿಯನ್ನು ನಾನೇ ಬರೆಯಲು ಕುಳಿತಿದ್ದೇನೆ. ಟರ್ಮಿನಲ್ ಕಂಡರೆ ಹಿಂಜರಿಯುವವರಿಗೆ ಸದ್ಯ ಇದನ್ನು ಶಿಫಾರಸು ಮಾಡಲಾರೆ. ವಿಂಡೋಸ್ ಬಳಸುವವರು ಬಿಟ್‌ಲಾಕರಿಗೆ ಪಿನ್ ಸೇರಿಸಿ, 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮುದ್ರಿಸಿ ಇಟ್ಟುಕೊಂಡರೆ ಇದರ ಬಹುಪಾಲು ಲಾಭ ಅವರಿಗೂ ಸಿಗುತ್ತದೆ. ಇತರರ ದಾಖಲೆಗಳನ್ನು ಹೊತ್ತು ತಿರುಗುವ ಲಿನಕ್ಸ್ ಬಳಕೆದಾರರು, ವಕೀಲರ ಗುಮಾಸ್ತರಾಗಲಿ ಭಾಷಾಂತರಕಾರರಾಗಲಿ ಲೆಕ್ಕಪರಿಶೋಧಕರಾಗಲಿ, ಎರಡು ದಿನ ಬಿಡುವು ಮಾಡಿಕೊಂಡು ಇದನ್ನು ಹಾಕಲೇಬೇಕು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಕೈಪಿಡಿಗೆ.

ಹೋದ ತಿಂಗಳು ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮಾಡತೊಡಗಿ ಮತ್ತೊಮ್ಮೆ ರಿಪೇರಿಗೆ ಒಯ್ಯಬೇಕಾಯಿತು, ಈ ಸಲ ಬೇರೊಂದು ಅಂಗಡಿಗೆ. ಫ್ಯಾನ್ ಬದಲಾಯಿಸಿದ ಹುಡುಗ ತನ್ನ ಪರೀಕ್ಷಾ ಯುಎಸ್‌ಬಿಯನ್ನು ಹಾಕಿದ, ಫರ್ಮ್‌ವೇರ್ ಅದನ್ನು ಒಪ್ಪಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ನಾನೇ ಪಾಸ್‌ವರ್ಡ್ ಒತ್ತಿ ಸೆಕ್ಯೂರ್ ಬೂಟನ್ನು ನಿಲ್ಲಿಸಿಕೊಟ್ಟೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮತ್ತೆ ಚಾಲೂ ಮಾಡುವ ಮೊದಲೇ ಬೇಕೆಂದೇ ಒಮ್ಮೆ ಲಿನಕ್ಸನ್ನು ಎಬ್ಬಿಸಿದೆ. ಪಿನ್ ಒತ್ತಿದರೂ ಚಿಪ್ ಕೀಲಿ ಕೊಡದೆ ಉದ್ದನೆಯ ಪಾಸ್‌ವರ್ಡ್ ಕೇಳಿತು, ನಾನು ಕೊಡಲಿಲ್ಲ. ಯಂತ್ರ ಆರಿಸಿ, ಸೆಕ್ಯೂರ್ ಬೂಟ್ ಚಾಲೂ ಮಾಡಿ, ಮತ್ತೆ ಎಬ್ಬಿಸಿದಾಗ ಅದೇ ಪಿನ್‌ಗೆ ಡಿಸ್ಕ್ ತೆರೆದುಕೊಂಡಿತು. ಅಂಗಡಿಯ ಬೆಂಚಿನ ಮೇಲೆಯೇ ಎಸ್‌ಬಿಸಿಟಿಎಲ್‌ಗೆ ಪರಿಶೀಲಿಸಲು ಹೇಳಿದೆ. ಎರಡೂ ಇಮೇಜುಗಳ ಮುಂದೆ ಸರಿ ಗುರುತು ಬಂತು. ಮನೆಗೆ ಬಂದು ಸ್ಕ್ರೂಗಳಿಗೆ ಹೊಸದಾಗಿ ಉಗುರುಬಣ್ಣ ಹಚ್ಚಿ ಒಣಗಲು ಬಿಟ್ಟೆ.